ನೆಲೆಯೂ ನೆರವೂ

ನೆರವು ಬೇಡಿ ಅಂಗಳಕ್ಕೆ ಬಂದವನನ್ನು ಮನೆಯ ಯಜಮಾನನು ಮೊದಲಿಗೆ "ನಿನಗೆ ಯಾವ ಊರಾಯಿತು?" ಎಂದು ಕೇಳುವ ವಾಡಿಕೆ ನಮ್ಮಲ್ಲಿ ಹಿಂದಿನಿಂದಲೂ ಬಂದಿದೆ. ಹಸಿವಿನ ಮಾತು ಆಮೇಲೆ. ಸರಕಾರವೆಂಬುದೂ ಒಬ್ಬ ದೊಡ್ಡ ಯಜಮಾನನೇ ಆಗಿರುವುದರಿಂದ ಅದೂ ಇದೇ ಪ್ರಶ್ನೆಯನ್ನು ಅರ್ಜಿಯ ನಮೂನೆಗಳ ಮೂಲಕ ಕೇಳುತ್ತದೆ. ಹುಟ್ಟಿದ್ದು ಎಲ್ಲಿ, ವಾಸ ಎಷ್ಟು ವರ್ಷದಿಂದ, ತಂದೆಯ ಊರು ಯಾವುದು, ಯಾವ ದೇಶದ ಪೌರನು ಎಂಬ ಖಾನೆಗಳನ್ನು ತುಂಬಿದ ಬಳಿಕವೇ ವಿದ್ಯಾರ್ಥಿವೇತನ, ಪಡಿತರ, ಪಿಂಚಣಿ, ಚಿಕಿತ್ಸೆಯ ಸಹಾಯ ಮುಂತಾದವುಗಳ ಬಾಗಿಲು ತೆರೆಯುವುದು. ಈ ಪ್ರಶ್ನೆ ಲೋಕದಲ್ಲಿ ಹೇಗೆ ಬೆಳೆದು ಬಂತು, ನಮ್ಮ ಕಾಸರಗೋಡಿನ ನೆಲದಲ್ಲಿ ಅದು ಏನೇನು ಮಾಡಿತು ಎಂಬುದನ್ನು ಚರಿತ್ರೆಯ ದೃಷ್ಟಿಯಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬಡವರನ್ನು ಪೋಷಿಸುವ ಹೊಣೆಯನ್ನು ಕಾನೂನಿನ ಮೂಲಕ ಊರಿನ ಮೇಲೆ ಹೊರಿಸಿದ ದೇಶಗಳಲ್ಲಿ ಇಂಗ್ಲೆಂಡು ಮುಖ್ಯವಾದುದು. ಎಲಿಜಬೆತ್ ರಾಣಿಯ ಕಾಲದ 1601ರ ಕಾಯಿದೆಯು ಪ್ರತಿಯೊಂದು ಪ್ಯಾರಿಷ್, ಎಂದರೆ ಒಂದು ಇಗರ್ಜಿಯ ಸುತ್ತಣ ಗ್ರಾಮ, ತನ್ನ ಬಡವರಿಗಾಗಿ ತೆರಿಗೆಯೆತ್ತಬೇಕೆಂದು ವಿಧಿಸಿತು. ಹಾಗೆ ವಿಧಿಸಿದೊಡನೆಯೇ "ತನ್ನ ಬಡವರು ಯಾರು?" ಎಂಬ ತಕರಾರು ತಲೆಯೆತ್ತಿತು. ಅದಕ್ಕೆ ಉತ್ತರವಾಗಿ 1662ರಲ್ಲಿ ನೆಲೆಯ ಕಾಯಿದೆ ಬಂದಿತು. ವರ್ಷಕ್ಕೆ 10 ಪೌಂಡಿಗಿಂತ ಕಡಮೆ ಬಾಡಿಗೆಯ ಮನೆಯಲ್ಲಿ ಬಂದು ನಿಂತ ಹೊಸಬನು ಮುಂದೆ ಊರಿಗೆ ಹೊರೆಯಾಗಬಹುದೆಂಬ ಸಂಶಯ ಬಂದರೆ, 40 ದಿನಗಳೊಳಗಾಗಿ ದೂರಿತ್ತು, ಇಬ್ಬರು ನ್ಯಾಯಾಧಿಕಾರಿಗಳ ಅಪ್ಪಣೆಯಿಂದ ಅವನನ್ನು ಹಿಂದಿನ ಊರಿಗೆ ಅಟ್ಟಬಹುದಾಗಿತ್ತು. ಅವನು ಇನ್ನೂ ಒಂದು ಕಾಸನ್ನೂ ಬೇಡಿರಲಿಲ್ಲ. ಬೇಡಬಹುದೆಂಬ ಭಯವೇ ಸಾಕಾಗಿತ್ತು. ನಿಜವಾಗಿ ನೆರವು ಬೇಡುವ ಸ್ಥಿತಿಗೆ ಬಂದವನನ್ನು ಮಾತ್ರ ಹಿಂದೆ ಕಳುಹಿಸತಕ್ಕದ್ದೆಂಬ ತಿದ್ದುಪಡಿಯಾಗಲು 1795ನೆಯ ಇಸವಿಯವರೆಗೆ ಕಾಯಬೇಕಾಯಿತು. ಕೊಡುವ ಕೈಯು ಊರಿನದಾದರೆ ಪಡೆಯುವವನೂ ಊರಿನವನೇ ಆಗಬೇಕೆಂಬ ನಿಯಮ ಹೀಗೆ ಹುಟ್ಟಿಕೊಂಡಿತು. ಇದರಲ್ಲಿ ಲೆಕ್ಕಾಚಾರವೂ ಇದೆ, ಕಾಠಿಣ್ಯವೂ ಇದೆ.

ನಮ್ಮ ಪ್ರದೇಶಕ್ಕೆ ಬರೋಣ. ಕಾಸರಗೋಡು ತಾಲೂಕು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಭಾಗವಾಗಿತ್ತು; ಜಿಲ್ಲೆಯು ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಊರಿನಲ್ಲಿ ಪಟೇಲರೂ ಶಾನುಭೋಗರೂ ಇದ್ದರು. ಯಾರು ಯಾವ ಮನೆತನದವರು, ಯಾರ ಒಕ್ಕಲು, ಎಲ್ಲಿಂದ ಬಂದವರು ಎಂಬುದು ಅವರಿಗೆ ಪುಸ್ತಕ ನೋಡದೆಯೇ ತಿಳಿದಿರುತ್ತಿತ್ತು. ಮಂಗಳೂರು, ಪುತ್ತೂರುಗಳಿಗೆ ಹೆಣ್ಣು ಕೊಡುವುದು, ತರುವುದು, ಅಡಿಕೆ ಮಾರುವುದು, ಮಕ್ಕಳನ್ನು ಓದಲು ಕಳುಹಿಸುವುದು, ರೋಗಿಗಳನ್ನು ಒಯ್ಯುವುದು ಇವೆಲ್ಲವೂ ಒಂದೇ ಜಿಲ್ಲೆಯ ಒಳಗಣ ವ್ಯವಹಾರಗಳಾಗಿದ್ದುವು. ಆಗ ನೆಲೆಯನ್ನು ರುಜುಪಡಿಸಬೇಕಾದ ಸಂದರ್ಭಗಳು ವಿರಳವಾಗಿದ್ದುವು. ಸರಕಾರದಿಂದ ದೊರೆಯುತ್ತಿದ್ದ ನೆರವೂ ವಿರಳವಾಗಿತ್ತೆಂಬುದನ್ನು ಮರೆಯಲಾಗದು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಇಡೀ ದೇಶಕ್ಕೆ ಒಂದೇ ಪೌರತ್ವವನ್ನು ಕೊಟ್ಟಿತು. ಅಮೆರಿಕದಲ್ಲಿರುವಂತೆ ಸಂಸ್ಥಾನಕ್ಕೊಂದು, ಒಕ್ಕೂಟಕ್ಕೊಂದು ಎಂಬ ಎರಡು ಪೌರತ್ವಗಳು ಇಲ್ಲಿಲ್ಲ. ಭಾರತದ ಯಾವ ಭಾಗದಲ್ಲಾದರೂ ವಾಸಿಸಿ ನೆಲೆಸುವ ಹಕ್ಕನ್ನು 19ನೆಯ ವಿಧಿಯು ಪ್ರತಿಯೊಬ್ಬ ಪೌರನಿಗೂ ಇತ್ತಿದೆ. ಆದರೆ ಇಲ್ಲಿ ಸೂಕ್ಷ್ಮವಾದ ಒಂದು ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು. 15ನೆಯ ವಿಧಿಯು ಜನ್ಮಸ್ಥಳದ ಕಾರಣದಿಂದ ಭೇದ ಮಾಡಬಾರದೆನ್ನುತ್ತದೆ. ವಾಸಸ್ಥಳವೆಂಬ ಮಾತು ಅದರಲ್ಲಿಲ್ಲ. ಆ ಮಾತು ಬರುವುದು ಸರಕಾರಿ ನೌಕರಿಗೆ ಸಂಬಂಧಿಸಿದ 16ನೆಯ ವಿಧಿಯಲ್ಲಿ ಮಾತ್ರ. ಈ ಅಂತರದ ಫಲ ಬಹುಬೇಗನೆ ತೋರಿಬಂತು. ಇಂದೂರಿನ ವೈದ್ಯಕೀಯ ಕಾಲೇಜಿನಲ್ಲಿ ಮಧ್ಯಭಾರತದ ನಿವಾಸಿಗಳಲ್ಲದ ವಿದ್ಯಾರ್ಥಿಗಳಿಂದ ಹೆಚ್ಚಿನ ಶುಲ್ಕವನ್ನು ವಸೂಲು ಮಾಡುತ್ತಿದ್ದರು. ದಿಲ್ಲಿಯ ವಿದ್ಯಾರ್ಥಿಯೊಬ್ಬನು ಅದನ್ನು ಪ್ರಶ್ನಿಸಿದಾಗ, ವಾಸಸ್ಥಳವು ಜನ್ಮಸ್ಥಳವಲ್ಲವಾದುದರಿಂದ ಆ ಶುಲ್ಕವು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟು 1955ರಲ್ಲಿ ತೀರ್ಪಿತ್ತಿತು. ಪೌರತ್ವ ಒಂದೇ ಆದರೂ, ರಾಜ್ಯವು ತನ್ನ ಬೊಕ್ಕಸದಿಂದ ಕೊಡುವ ಸೌಲಭ್ಯವನ್ನು ತನ್ನ ನಿವಾಸಿಗಳಿಗೆಂದು ಮೀಸಲಿಡಬಹುದೆಂಬ ದಾರಿ ಹೀಗೆ ತೆರೆದುಕೊಂಡಿತು.

ಅದೇ ವರ್ಷ ವರದಿಯನ್ನೊಪ್ಪಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವು ಇದರ ಅಪಾಯವನ್ನು ಕಾಣದಿರಲಿಲ್ಲ. ವಾಸದ ನಿಯಮಗಳಿಂದ ಭಾಷಾ ಅಲ್ಪಸಂಖ್ಯಾತರು ನೌಕರಿಗಳಿಗೆ ಹೊರಗಿನವರಾಗುವರೆಂಬ ವಿಷಯವನ್ನು ಅದು ಚರ್ಚಿಸಿತು. ತರುವಾಯ ಪಾರ್ಲಿಮೆಂಟು 1957ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಕೆಲವು ಪ್ರದೇಶಗಳನ್ನುಳಿದು ಮಿಕ್ಕೆಡೆಗಳಲ್ಲಿ ಸರಕಾರಿ ನೌಕರಿಗಿದ್ದ ವಾಸದ ಷರತ್ತುಗಳನ್ನು ತೆಗೆದುಹಾಕಿತು. ಆದರೆ ಅದು ನೌಕರಿಗೆ ಮಾತ್ರ ಸಂಬಂಧಿಸಿದ್ದು. ವಿದ್ಯೆ, ಔಷಧ, ಅನ್ನಗಳ ನೆರವಿಗೆ ಅಂಥದೊಂದು ಸಾರ್ವತ್ರಿಕ ಕಾಯಿದೆ ಬರಲಿಲ್ಲ.

1956ರ ನವೆಂಬರ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆ ದಿನ ನಮ್ಮ ಜನರಲ್ಲಿ ಯಾರೂ ಗಂಟುಮೂಟೆ ಕಟ್ಟಿ ಹೊರಟವರಲ್ಲ. ಮನೆಗಳು ಇದ್ದಲ್ಲೇ ಇದ್ದುವು, ಗಡಿಯೇ ಬಂದು ತಲಪಾಡಿಯಲ್ಲಿ ನಿಂತಿತು. ಮರುವರ್ಷ ತಾಲೂಕು ಎರಡಾಗಿ ಹೊಸದುರ್ಗವು ಬೇರೆಯಾಯಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಇದರ ನಡುವೆ ಮಹಾಜನ ಆಯೋಗವು ಚಂದ್ರಗಿರಿ ಮತ್ತು ಪಯಸ್ವಿನಿ ನದಿಗಳ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಶಿಫಾರಸು ಮಾಡಿದುದೂ, ಅದು ಕಾರ್ಯಗತವಾಗದೆ ಉಳಿದುದೂ ವಾಚಕರಿಗೆ ತಿಳಿದ ಸಂಗತಿ. ಆ ವಾದವನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಗಡಿ ಎಲ್ಲಿದ್ದರೂ ಅದರ ಇಕ್ಕೆಡೆಗಳಲ್ಲಿ ಜನರಿರುತ್ತಾರೆ. ಅವರಿಗೆ ನೆರವು ದೊರೆಯುವ ರೀತಿ ಯಾವುದೆಂಬುದೇ ನಮ್ಮ ಮುಂದಿನ ಪ್ರಶ್ನೆ.

ಹಳೆಯ ಪಟೇಲರ ಸ್ಥಾನದಲ್ಲಿ ವಿಲ್ಲೇಜ್ ಆಫೀಸು ಬಂದಿತು. ಅರ್ಜಿಯ ನಮೂನೆಗಳು ಮಲೆಯಾಳದಲ್ಲಿ ಬಂದುವು. ಓದಲಾರದ ಖಾನೆಯನ್ನು ತುಂಬುವುದು ಹೇಗೆ? ಇದಕ್ಕೆ ಸಂವಿಧಾನದಲ್ಲಿಯೇ ಒಂದು ಉತ್ತರವಿದೆ. ತನ್ನ ಕುಂದುಕೊರತೆಯ ನಿವಾರಣೆಗಾಗಿ ಯಾವನೇ ಆಗಲಿ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಮನವಿ ಸಲ್ಲಿಸಬಹುದೆಂದು 350ನೆಯ ವಿಧಿ ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವ 350ಎ ವಿಧಿಯೂ, ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ನೇಮಿಸುವ 350ಬಿ ವಿಧಿಯೂ 1956ರ ಏಳನೆಯ ತಿದ್ದುಪಡಿಯಿಂದ ಸೇರಿದುವು. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದೂ, ಉತ್ತರವೂ ಅದೇ ಭಾಷೆಯಲ್ಲಿ ಬರತಕ್ಕದ್ದೆಂದೂ ಹೇಳಿದೆ. ಇದನ್ನು ಭಾಷಾಭಿಮಾನದ ವಿಷಯವೆಂದು ಮಾತ್ರ ತಿಳಿಯಲಾಗದು. ವಿಧವೆಯೊಬ್ಬಳ ಪಿಂಚಣಿಯ ಅರ್ಜಿಯು ಅವಳಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ, ಕಾನೂನು ಕೇಳದಿದ್ದ ಒಂದು ಹೊಸ ಷರತ್ತನ್ನು ಆ ಕಾಗದವೇ ಹೇರಿದಂತಾಗುತ್ತದೆ.

ಭಾಷೆಗಿಂತಲೂ ಗಟ್ಟಿಯಾದ ಗೋಡೆ ಇನ್ನೊಂದಿದೆ, ಅದು ಪಟ್ಟಿಗಳದು. ಪರಿಶಿಷ್ಟ ಜಾತಿಗಳನ್ನೂ ಪರಿಶಿಷ್ಟ ಪಂಗಡಗಳನ್ನೂ ಸಂವಿಧಾನದ 341 ಮತ್ತು 342ನೆಯ ವಿಧಿಗಳು ಆಯಾ ರಾಜ್ಯಕ್ಕೆ ಸಂಬಂಧಿಸಿದಂತೆ ಗೊತ್ತುಪಡಿಸುತ್ತವೆ. ಒಂದು ಸಮುದಾಯವು ಒಂದು ರಾಜ್ಯದ ಪಟ್ಟಿಯಲ್ಲಿದ್ದರೆ ನೆರೆಯ ರಾಜ್ಯದಲ್ಲಿಯೂ ಇರಬೇಕೆಂಬ ನಿಯಮವಿಲ್ಲ. ಇದರ ಪರಿಣಾಮವನ್ನು ನಮ್ಮ ಮರಾಟಿ ಸಮುದಾಯದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಮನೆಯಲ್ಲಿ ತಮ್ಮದೇ ಆದ ಮರಾಟಿ ನುಡಿಯನ್ನೂ ಹೊರಗೆ ತುಳು ಕನ್ನಡಗಳನ್ನೂ ಆಡುವ ಈ ಜನರು ದಕ್ಷಿಣ ಕನ್ನಡದಲ್ಲಿಯೂ ಕಾಸರಗೋಡಿನಲ್ಲಿಯೂ ಹರಡಿಕೊಂಡಿದ್ದಾರೆ. ಕರ್ನಾಟಕದ ಪಟ್ಟಿಯಲ್ಲಿ ದಕ್ಷಿಣ ಕನ್ನಡದ ಮರಾಟಿಗಳೂ, ಕೇರಳದ ಪಟ್ಟಿಯಲ್ಲಿ ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ಮರಾಟಿಗಳೂ ಪರಿಶಿಷ್ಟ ಪಂಗಡವೆಂದು ಪರಿಗಣಿತರಾಗಿದ್ದರು. 2003ರ ಆರಂಭದಲ್ಲಿ ಪ್ರಕಟವಾದ ತಿದ್ದುಪಡಿ ಕಾಯಿದೆಯಿಂದ ಕೇರಳದ ಪಟ್ಟಿಯಲ್ಲಿದ್ದ ಈ ಹೆಸರು ಮಾತ್ರ ಬಿಟ್ಟುಹೋಯಿತು. ಗಡಿಯಾಚೆಯ ಬಂಧುಗಳ ಹೆಸರು ಉಳಿಯಿತು. ಮತ್ತೆ 2013ರ ಕಾಯಿದೆಯಿಂದ ಅದು ಕೇರಳದ ಪಟ್ಟಿಗೆ ಸೇರಿತು. ಹತ್ತು ವರ್ಷವೆಂದರೆ ಚರಿತ್ರೆಯ ಪುಸ್ತಕದಲ್ಲಿ ಒಂದು ಸಾಲು. ಆದರೆ 2003ರ ಜೂನಿನಲ್ಲಿ ಒಂದನೆಯ ತರಗತಿಗೆ ಸೇರಿದ ಮಗುವಿಗೆ ಆ ಹೆಸರು ಮರಳಿ ಬರುವ ಹೊತ್ತಿಗೆ ಶಾಲೆಯ ಹತ್ತು ತರಗತಿಗಳೂ ಮುಗಿದಿದ್ದುವು. ಅಣ್ಣನ ಮಗ ಗಡಿಯ ಆಚೆ, ತಮ್ಮನ ಮಗ ಈಚೆ ಇದ್ದಲ್ಲಿ, ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಒಬ್ಬನು ಪಂಗಡದವನು, ಇನ್ನೊಬ್ಬನು ಅಲ್ಲ ಎಂಬ ಸ್ಥಿತಿ ಉಂಟಾಗಿತ್ತು.

ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವನು ತನ್ನ ಪಂಗಡದ ಹಕ್ಕನ್ನು ಜೊತೆಯಲ್ಲಿ ಒಯ್ಯಬಹುದೇ? ಸುಪ್ರೀಂ ಕೋರ್ಟು 1990ರಲ್ಲಿ, ಮುಂಬಯಿಯ ವೈದ್ಯಕೀಯ ಕಾಲೇಜೊಂದರ ಪ್ರವೇಶಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಒಯ್ಯಲಾಗದೆಂದು ಹೇಳಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ರಾಜ್ಯಗಳ ಮಟ್ಟಿಗೆ ಅದನ್ನೇ ಸ್ಥಿರಪಡಿಸಿತು. ಇದರ ಹಿಂದಿನ ತರ್ಕ ದುರ್ಬಲವಾದುದಲ್ಲ. ಒಂದು ಸಮುದಾಯದ ಹಿಂದುಳಿದಿರುವಿಕೆ ಒಂದು ಪ್ರದೇಶದ ಸಾಮಾಜಿಕ ಪರಿಸ್ಥಿತಿಯಿಂದ ಉಂಟಾದುದು. ಹೊರಗಿನಿಂದ ಬಂದವರೂ ಪಾಲು ಕೇಳಿದರೆ ಆ ನೆಲದ ದೀನರಿಗೆ ದೊರೆಯುವುದು ಕಡಮೆಯಾದೀತು ಎಂಬುದು ಅದರ ಸಾರ. ದೂರದ ರಾಜ್ಯಗಳ ನಡುವೆ ಈ ಮಾತು ಒಪ್ಪತಕ್ಕದ್ದೇ. ಆದರೆ ಪುತ್ತೂರಿನಿಂದ ಪೆರ್ಲಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು ಯಾವ ಹೊಸ ಸಾಮಾಜಿಕ ಪರಿಸ್ಥಿತಿಗೆ ಬಂದಳು? ಅವಳ ಮಾತು, ಮನೆದೈವ, ದುಡಿಮೆ, ಬಡತನ ಎಲ್ಲವೂ ಹಿಂದಿನವೇ. ರಾಜ್ಯಗಳಿಗಾಗಿ ಮಾಡಿದ ಅಳತೆಗೋಲು ಗಡಿಯ ಜನರಿಗೆ ಸರಿಹೊಂದದೆ ಹೋಗುವುದು ಇಂತಲ್ಲಿ.

ಗಡಿಯು ತಾನಾಗಿ ಬಂದು ನಿಂತವರ ಕಥೆ ಇದಾದರೆ, ಸಮುದ್ರವನ್ನೇ ದಾಟಿ ಬಂದವರ ಕಥೆಯೊಂದು ನಮ್ಮ ನೆರೆಯಲ್ಲಿಯೇ ಇದೆ. ಕಾಸರಗೋಡಿಗೆ ತಾಗಿರುವ ಸುಳ್ಯ ತಾಲೂಕಿನಲ್ಲಿಯೂ ಪುತ್ತೂರಿನಲ್ಲಿಯೂ ರಬ್ಬರು ತೋಟಗಳಲ್ಲಿ ದುಡಿಯುವ ತಮಿಳು ಕುಟುಂಬಗಳನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಬ್ರಿಟಿಷರ ಕಾಲದಲ್ಲಿ ಸಿಂಹಳದ ಚಹದ ತೋಟಗಳಿಗೆ ಹೋದ ಕೂಲಿಗಳ ಸಂತತಿಯವರಿವರು. ಸಿಂಹಳವು 1948ರಲ್ಲಿ ಸ್ವತಂತ್ರವಾದ ವರ್ಷವೇ ಮಾಡಿದ ಪೌರತ್ವದ ಕಾಯಿದೆಯು, ತಂದೆಯು, ಇಲ್ಲವೇ ಅಜ್ಜ ಮುತ್ತಜ್ಜಂದಿರು, ಆ ದ್ವೀಪದಲ್ಲಿ ಹುಟ್ಟಿದವರೆಂದು ತೋರಿಸಬೇಕೆಂದು ಕೇಳಿತು. ತೋಟದ ಲಯನುಗಳಲ್ಲಿ ಹುಟ್ಟಿದ ಕೂಲಿಯ ಜನನಕ್ಕೆ ದಾಖಲೆ ಎಲ್ಲಿಯದು? ಲಕ್ಷಾಂತರ ಜನರು ಯಾವ ದೇಶದವರೂ ಅಲ್ಲದವರಾದರು. 1949ರ ಕಾಯಿದೆಯಿಂದ ಮತದಾನದ ಹಕ್ಕೂ ಹೋಯಿತು. 1964ರ ಅಕ್ಟೋಬರ 30ರಂದು ಲಾಲ್ ಬಹದ್ದೂರ ಶಾಸ್ತ್ರಿಗಳೂ ಸಿರಿಮಾವೊ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಂತೆ, ಅಂದಾಜು 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಸಿಂಹಳವೂ ಸ್ವೀಕರಿಸತಕ್ಕದ್ದೆಂದು ತೀರ್ಮಾನವಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಎರಡು ದೇಶಗಳೂ ಸರಿಪಾಲಾಗಿ ಹಂಚಿಕೊಂಡುವು. ಮನುಷ್ಯರನ್ನು ಹೀಗೆ ಅಂಕೆಗಳಲ್ಲಿ ಹಂಚಿಕೊಂಡ ನಿದರ್ಶನ ಚರಿತ್ರೆಯಲ್ಲಿ ಹೆಚ್ಚಾಗಿ ಸಿಗದು.

ಕಡಲು ದಾಟಿ ರಾಮೇಶ್ವರದ ಕಡೆಗೆ ಬಂದಿಳಿದ ಇವರನ್ನು ಮಂಡಪಂ ಶಿಬಿರದಲ್ಲಿ ಬರಮಾಡಿಕೊಂಡರು. ಪ್ರತಿಯೊಂದು ಕುಟುಂಬಕ್ಕೂ ಕೊಟ್ಟಿದ್ದ ಫ್ಯಾಮಿಲಿ ಕಾರ್ಡು ಎಂಬ ಹಾಳೆಯೇ ಪುನರ್ವಸತಿಯ ನೆರವಿಗೆ ಆಧಾರವಾಗಿತ್ತು. ಕೇರಳದ ಪುನಲೂರು, ಕರ್ನಾಟಕದ ಸುಳ್ಯ, ಪುತ್ತೂರು ಮೊದಲಾದ ಕಡೆಗಳಲ್ಲಿ ಇವರಿಗಾಗಿ ರಬ್ಬರು ತೋಟಗಳು ಎದ್ದುವು. ಪೌರತ್ವ ದೊರೆಯಿತು, ದುಡಿಮೆಯೂ ದೊರೆಯಿತು. ಆದರೆ ಮಕ್ಕಳಿಗೆ ಜಾತಿಯ ಪ್ರಮಾಣಪತ್ರ ಬೇಕೆಂದು ಹೋದಾಗ, ಹಿರಿಯರು ಹಿಂದೆ ಈ ರಾಜ್ಯದಲ್ಲಿ ನೆಲೆಸಿದ್ದರೇ ಎಂಬ ಹಳೆಯ ಪ್ರಶ್ನೆ ಎದುರಾಗಿ, ಅವರು ಬಹುಕಾಲ ಅಲೆಯಬೇಕಾಯಿತು. ಅಲ್ಲಿ ಭಾರತದವರೆನಿಸಿ ಹೊರಬಂದವರು ಇಲ್ಲಿ ತಮಿಳುನಾಡಿನವರೆನಿಸಿದರು. ತಮಿಳುನಾಡಿನಲ್ಲಿ ಅವರ ಮನೆಯೊಂದೂ ಉಳಿದಿರಲಿಲ್ಲ. ಪೌರತ್ವವೆಂಬ ಹೆಬ್ಬಾಗಿಲನ್ನು ದಾಟಿದ ಬಳಿಕವೂ ಒಳಗಣ ಚಿಕ್ಕ ಬಾಗಿಲುಗಳು ಮುಚ್ಚಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇತ್ತೀಚಿನ ಒಂದು ಘಟನೆಯನ್ನು ನೆನೆಯದೆ ಈ ವಿಚಾರ ಪೂರ್ಣವಾಗದು. ಕೊರೋನಾ ಜಾಡ್ಯ ಹಬ್ಬಿದ 2020ರ ಮಾರ್ಚಿಯಲ್ಲಿ ಕರ್ನಾಟಕವು ಗಡಿಯನ್ನು ಮುಚ್ಚಿತು. ತಲಪಾಡಿಯ ಹೆದ್ದಾರಿಯನ್ನು ತಡೆದುದಲ್ಲದೆ ಒಳದಾರಿಗಳಿಗೂ ಮಣ್ಣು ಸುರಿಯಿತು. ಹಿಂದಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ನಮ್ಮ ರೋಗಿಗಳು ದಾರಿಯಲ್ಲಿ ತಡೆಯಲ್ಪಟ್ಟರು. ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಹಲವರು ಪ್ರಾಣ ಬಿಟ್ಟರು. ಕೇರಳದ ಹೈಕೋರ್ಟು ಏಪ್ರಿಲ್ 1ರಂದು ತಡೆಯನ್ನು ತೆಗೆಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮದ ಬಗೆಗೆ ಎರಡು ರಾಜ್ಯಗಳೂ ಒಪ್ಪಿವೆಯೆಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. ಸೋಂಕಿನ ಭಯ ಸುಳ್ಳಾಗಿರಲಿಲ್ಲ. ತನ್ನ ಜನರನ್ನು ಕಾಯಬೇಕೆಂಬ ಹೊಣೆಯೂ ಆ ರಾಜ್ಯಕ್ಕಿತ್ತು. ಆದರೆ ಆ ದಿನಗಳಲ್ಲಿ ಆಂಬುಲೆನ್ಸಿನೊಳಗೆ ಮಲಗಿದ್ದವನ ಕಾಯಿಲೆಯನ್ನು ವಿಚಾರಿಸುವುದಕ್ಕೆ ಮೊದಲು ಅವನ ಊರನ್ನು ವಿಚಾರಿಸಿದರೆಂಬುದೂ ಅಷ್ಟೇ ನಿಜ. ಇಂಗ್ಲೆಂಡಿನ 1662ರ ಪ್ಯಾರಿಷ್ ಒಮ್ಮೆ ತಲಪಾಡಿಯಲ್ಲಿ ಬಂದು ನಿಂತಂತಾಯಿತು.

ಗೋಡೆಗಳು ಕರಗಿದ ಸಂಗತಿಗಳೂ ಚರಿತ್ರೆಯಲ್ಲಿವೆ. ಅಮೆರಿಕದ ಕೆಲವು ಸಂಸ್ಥಾನಗಳು ಒಂದು ವರ್ಷ ವಾಸವಿಲ್ಲದವರಿಗೆ ಬಡವರ ಸಹಾಯಧನವನ್ನು ನಿರಾಕರಿಸುತ್ತಿದ್ದುವು. ಅಲ್ಲಿಯ ಸುಪ್ರೀಂ ಕೋರ್ಟು 1969ರಲ್ಲಿ ಆ ನಿಯಮವನ್ನು ರದ್ದುಪಡಿಸಿತು. ನಮ್ಮಲ್ಲಿ, ಒಂದು ಊರಿನ ಪಡಿತರ ಚೀಟಿಗೆ ಬೇರೆ ರಾಜ್ಯದಲ್ಲಿಯೂ ಧಾನ್ಯ ದೊರೆಯುವ ಏರ್ಪಾಡು 2019ರಲ್ಲಿ ಆರಂಭವಾಯಿತು. 2020ರ ಜನವರಿಯಲ್ಲಿ ಕೇರಳ ಕರ್ನಾಟಕಗಳೆರಡೂ ಅದರಲ್ಲಿ ಸೇರಿದುವು. 2022ರ ಜೂನಿನಲ್ಲಿ ಅಸ್ಸಾಮು ಸೇರುವುದರೊಂದಿಗೆ ಅದು ಇಡೀ ದೇಶವನ್ನು ವ್ಯಾಪಿಸಿತು. ಕೇಂದ್ರದ ಪಾಲಿನ ಧಾನ್ಯ ಮಾತ್ರ ಹೀಗೆ ದೊರೆಯುವುದು. ರಾಜ್ಯವು ತಾನಾಗಿ ಕೊಡುವ ಹೆಚ್ಚಿನ ಪಾಲು ಗಡಿ ದಾಟದು. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಕೊಟ್ಟಿರುವ ಅವಕಾಶವೂ ಉಲ್ಲೇಖನೀಯವಾದುದು. ವಾಸವನ್ನು ಬಿಟ್ಟು ಭಾಷೆಯನ್ನು ಆಧಾರವಾಗಿಟ್ಟ ವಿರಳ ಉದಾಹರಣೆ ಅದು.

ಇನ್ನೊಂದು ಮಾತು. ಸಂವಿಧಾನದ 15, 16, 19ನೆಯ ವಿಧಿಗಳು "ಪೌರ"ನನ್ನು ಕುರಿತು ಹೇಳಿದರೆ, 14 ಮತ್ತು 21ನೆಯ ವಿಧಿಗಳು "ವ್ಯಕ್ತಿ"ಯನ್ನು ಕುರಿತು ಹೇಳುತ್ತವೆ. ಅರುಣಾಚಲದ ಚಕ್ಮಾ ಜನರ ವಿಷಯದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಪೌರನಾಗಲಿ ಅಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವವನ್ನು ರಕ್ಷಿಸುವುದು ರಾಜ್ಯದ ಕರ್ತವ್ಯವೆಂದು ಹೇಳಿತು. ಆದುದರಿಂದ ನೆರವನ್ನು ಎರಡು ಬಗೆಯಾಗಿ ಕಾಣುವುದು ನ್ಯಾಯವೆಂದು ತೋರುತ್ತದೆ. ಜೀವವುಳಿಸುವ ನೆರವಿಗೆ ನೆಲೆಯ ಪ್ರಶ್ನೆಯೇ ಏಳಬಾರದು. ಮುಂದೆ ತರುವ ನೆರವಿಗೆ, ಎಂದರೆ ವಿದ್ಯೆ, ನೌಕರಿ, ಮೀಸಲಾತಿಗಳಿಗೆ, ನೆಲೆಯ ಪ್ರಶ್ನೆ ಇರಬಹುದು. ಆದರೆ ಅದು ಜನರ ನಿಜವಾದ ಬದುಕನ್ನು ನೋಡಿ ಕೇಳಿದ ಪ್ರಶ್ನೆಯಾಗಿರಬೇಕು.

ಇದರಲ್ಲಿ ಉಪಾಧ್ಯಾಯರ ಪಾತ್ರವೇನೆಂದು ಕೆಲವರು ಕೇಳಬಹುದು. ಆಧಾರ್ ಚೀಟಿಯು ತಾನಾಗಿಯೇ ಪೌರತ್ವಕ್ಕಾಗಲಿ ನೆಲೆಗಾಗಲಿ ಸಾಕ್ಷಿಯಲ್ಲವೆಂದು 2016ರ ಆಧಾರ್ ಕಾಯಿದೆಯ 9ನೆಯ ಕಲಮು ಹೇಳುತ್ತದೆ. ಜನನ ನೋಂದಣಿಯಾಗದೆ ಉಳಿದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಂಥವರು ಹುಟ್ಟಿದ ದಿನ, ತಂದೆಯ ಹೆಸರು, ಜಾತಿಗಳನ್ನು ತೋರಿಸಬೇಕಾದಾಗ ಕೊನೆಗೆ ಹುಡುಕಿಕೊಂಡು ಬರುವುದು ಶಾಲೆಯ ಹಳೆಯ ಪ್ರವೇಶ ಪುಸ್ತಕವನ್ನು. ಒಂದೇ ಹೆಸರು ಕನ್ನಡದಲ್ಲಿ "ನಾಯ್ಕ" ಎಂದೂ, ಮಲೆಯಾಳದ ಕಾಗದದಲ್ಲಿ "ನಾಯಕ್" ಎಂದೂ ಆದಾಗ, ಇಬ್ಬರೂ ಒಬ್ಬನೇ ಎಂಬ ಪ್ರಮಾಣಪತ್ರಕ್ಕಾಗಿ ಬಡವನು ವಿಲ್ಲೇಜ್ ಆಫೀಸಿನ ಮೆಟ್ಟಿಲನ್ನು ಮತ್ತೆ ಹತ್ತಬೇಕಾಗುತ್ತದೆ. ಜೂನ್ ತಿಂಗಳ ಮಳೆಯಲ್ಲಿ ನೆನೆದು ಬಂದ ತಾಯಿಯೊಬ್ಬಳು ಮಗುವಿನ ಹೆಸರನ್ನು ಹೇಳುವಾಗ, ಅದನ್ನು ಸರಿಯಾಗಿ ಕೇಳಿ, ತಂದೆತಾಯಿಗಳ ಹೆಸರನ್ನೂ ಹುಟ್ಟಿದ ಊರನ್ನೂ ತಪ್ಪಿಲ್ಲದೆ ಬರೆದುಕೊಳ್ಳುವ ಉಪಾಧ್ಯಾಯನು ಆ ಮಗುವಿಗೆ ಮುಂದೆ ಎದುರಾಗಲಿರುವ ಪ್ರಶ್ನೆಗೆ ಅಂದೇ ಉತ್ತರ ಬರೆದಿಟ್ಟಂತೆ. ಆ ಪುಸ್ತಕವನ್ನು ಗೆದ್ದಲು ಹಿಡಿಯದಂತೆ ಕಾಪಾಡುವುದೂ ಗಡಿನಾಡಿನ ಶಾಲೆಗೆ ಸೇರಿದ ಒಂದು ಸೇವೆಯೇ ಆಗಿದೆ.